ಬಾರ್ಡ್ಸ್‌ಟೌನ್‌ನಲ್ಲಿ ಒಂದು ದಿನ: ಬರ್ಬನ್ ಗೆಳೆಯರು ಸೇರಿದಾಗ ಏನು ಮಾಡೋಣ?

ಜೋಳದತೆನೆ, ಸಿನ್ಸಿನಾಟಿ

ಗೆಳೆಯರೇ, ಬರ್ಬನ್ ವಿಸ್ಕಿ ಪ್ರಿಯರ ನಮ್ಮ ಈ ಗುಂಪು ಒಂದು ಕಡೆ ಸೇರಲು ಅಕ್ಟೋಬರ್ ಎರಡನೇ ಶನಿವಾರ ಹೆಚ್ಚಿನವರಿಗೆ ಹೊಂದುತ್ತದೆ. ಊರು ಕೆಂಟಕಿಯ ಬಾರ್ಡ್ಸ್‌ಟೌನ್ ಎಂದು ಎಲ್ಲರೂ ಒಪ್ಪಿದ್ದಾಗಿದೆ. ಆ ದಿನ ಏನೇನು ಮಾಡಬೇಕು ಅನ್ನೋದು ಈಗ ತೀರ್ಮಾನವಾಗಬೇಕು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಎರಡೇ ಡಿಸ್ಟಿಲರಿ, ಅಂದರೆ ವಿಸ್ಕಿ ಭಟ್ಟಿ ಇಳಿಸುವ ಜಾಗ, ಸಾಕು. ಬೆಳಿಗ್ಗೆ ಲೊರೆಟ್ಟೊ ಊರಿನಲ್ಲಿ ಮೇಕರ್ಸ್ ಮಾರ್ಕ್. ಬಾರ್ಡ್ಸ್‌ಟೌನ್‌ಗೆ ವಾಪಸ್ ಬಂದು ಊಟ. ಆಮೇಲೆ ಹೆವನ್ ಹಿಲ್. ನಾಲ್ಕೂವರೆಗೆಲ್ಲ ಬಾಡಿಗೆ ಮನೆ ಸೇರಿ, ಸಂಜೆಯಿಡೀ ಒಂದೇ ಮೇಜಿನ ಸುತ್ತ ಕೂತು, ನಾವೇ ತಂದ ಬಾಟಲಿಗಳ ರುಚಿ ನೋಡಬೇಕು. ನನ್ನ ಮಟ್ಟಿಗೆ ಇಡೀ ದಿನದ ಜೀವ ಇರುವುದು ಆ ಸಂಜೆಯಲ್ಲಿ.

ಟೂರನ್ನು ಯಾವತ್ತು ಬೇಕಾದರೂ, ಒಬ್ಬರೇ ಬೇಕಾದರೂ ಮಾಡಬಹುದು. ಆದರೆ "ಇದರಲ್ಲಿ ಕ್ಯಾರಮೆಲ್ ಬರುತ್ತೆ", "ನನಗೆ ಬರೀ ಮೆಣಸು" ಎಂದು ಇಲ್ಲಿ ಬರೆದುಕೊಂಡೇ ಜಗಳವಾಡಿದ ನಾವು ಒಂದೇ ಬಾಟಲಿಯಿಂದ, ಒಂದೇ ಹೊತ್ತಿಗೆ ಕುಡಿದದ್ದೇ ಇಲ್ಲ. ಇದಕ್ಕಾಗಿ ಸಿಗುವುದು ಈ ಒಂದು ದಿನ.

ಹೊಸದಾಗಿ ಸೇರಿದವರಿಗೆ ಚಿಕ್ಕ ಪರಿಚಯ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್‌ನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಭಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ದಾಟಬಾರದು, ಪೀಪಾಯಿಗೆ ತುಂಬುವಾಗ ಶೇ. 62.5 ದಾಟಬಾರದು. ಬಣ್ಣ, ರುಚಿ ಏನನ್ನೂ ಸೇರಿಸುವಂತಿಲ್ಲ. ಅಮೆರಿಕದ ಯಾವ ರಾಜ್ಯದಲ್ಲಿ ಬೇಕಾದರೂ ಮಾಡಬಹುದು, ಆದರೆ ಬಹುಪಾಲು ಬರುವುದು ಕೆಂಟಕಿಯಿಂದ. ಟೂರ್ ಗೈಡ್‌ಗಳು ಎಲ್ಲ ಕಡೆ ಇದನ್ನೇ ಮೊದಲು ಹೇಳುತ್ತಾರೆ. ಐದು ಕಡೆ ಹೋದರೆ ಐದು ಸಲ ಕೇಳಬೇಕಾಗುತ್ತದೆ.

ರೈಪ್ರಿಯ, ಶಿಕಾಗೊ

ಜೋಳದತೆನೆ ಅವರೇ, ಸಂಜೆಯ ವಿಚಾರಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಅಷ್ಟು ದೂರದಿಂದ ಬಂದು ಕೆಂಟಕಿಯದೇ ಫ್ರಾಂಕ್‌ಫರ್ಟ್‌ನ ಬಫಲೋ ಟ್ರೇಸ್ ಡಿಸ್ಟಿಲರಿ ನೋಡದೆ ಹೋಗುವುದು ಹೇಗೆ? ಬ್ಲಾಂಟನ್ಸ್ ಬರ್ಬನ್ ಹುಟ್ಟಿದ ಜಾಗ ಅದು. 1984ರಲ್ಲಿ ಎಲ್ಮರ್ ಟಿ. ಲೀ ಒಂದೇ ಪೀಪಾಯಿಯ ವಿಸ್ಕಿಯನ್ನು ಬಾಟಲಿ ಮಾಡಿ ಮಾರುಕಟ್ಟೆಗೆ ತರದಿದ್ದರೆ, ಇವತ್ತು ನಾವು ಸಿಂಗಲ್ ಬ್ಯಾರೆಲ್ ಬಗ್ಗೆ ಇಷ್ಟೆಲ್ಲ ಮಾತಾಡುತ್ತಲೇ ಇರಲಿಲ್ಲ. ಫ್ರಾಂಕ್‌ಫರ್ಟ್ ಏನು ಚಂದ್ರಲೋಕದಲ್ಲಿಲ್ಲವಲ್ಲ.

ಸುಟ್ಟಓಕ್, ಲೂಯಿವಿಲ್

ನಾನು ಇಲ್ಲಿಯವನೇ ಆದ್ದರಿಂದ ದಾರಿಯ ವಿಷಯ ಹೇಳುತ್ತೇನೆ. ಲೂಯಿವಿಲ್‌ನಿಂದ ಬಾರ್ಡ್ಸ್‌ಟೌನ್ ದಕ್ಷಿಣಕ್ಕೆ ಸುಮಾರು 40 ಮೈಲಿ. ಫ್ರಾಂಕ್‌ಫರ್ಟ್ ಇರುವುದು ಪೂರ್ವಕ್ಕೆ, ಲೆಕ್ಸಿಂಗ್ಟನ್ ಕಡೆ. ಬಾರ್ಡ್ಸ್‌ಟೌನ್‌ನಿಂದ ಅಲ್ಲಿಗೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಜೊತೆಗೆ ಶನಿವಾರದ ಜನಜಂಗುಳಿ.

ರೈಪ್ರಿಯ ಸರ್, ನಿಮ್ಮ ಆಸೆ ಅರ್ಥವಾಗುತ್ತದೆ. ಶುಕ್ರವಾರವೇ ಬರುವ ಹಾಗಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ. 2025ರ ಏಪ್ರಿಲ್‌ನಲ್ಲಿ ಕೆಂಟಕಿ ನದಿ ಉಕ್ಕಿ ಡಿಸ್ಟಿಲರಿಗೇ ನೀರು ನುಗ್ಗಿತ್ತು. ಅಲ್ಲಿನ ಕೆಲಸಗಾರರು ಕೆಸರು ಬಳಿದು ಮತ್ತೆ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸಿದರು. ಆ ಇಟ್ಟಿಗೆ ಕಟ್ಟಡಗಳ ನಡುವೆ ನಿಧಾನವಾಗಿ ಓಡಾಡಬೇಕು. ಅಂಗಡಿಯ ಸಾಲಲ್ಲಿ ನಿಂತು ಒಂದು ಬಾಟಲಿ ಹಿಡಿದುಕೊಂಡು ಓಡಿಬರುವ ಜಾಗ ಅದಲ್ಲ.

ಬಾರ್ಡ್ಸ್‌ಟೌನ್‌ನಲ್ಲಿ ನೋಡಲು ಕಮ್ಮಿ ಇದೆ ಅಂತ ಮಾತ್ರ ಅಂದುಕೊಳ್ಳಬೇಡಿ. 1996ರ ನವೆಂಬರ್ 7ರಂದು ಹೆವನ್ ಹಿಲ್‌ನ ಒಂದು ಗೋದಾಮಿಗೆ ಬೆಂಕಿ ಬಿತ್ತು. ಜೋರು ಗಾಳಿ ಬೇರೆ. ಏಳು ಗೋದಾಮು, ಡಿಸ್ಟಿಲರಿ, 90,000ದಷ್ಟು ಪೀಪಾಯಿ ಎಲ್ಲ ಸುಟ್ಟುಹೋಯಿತು. ಉರಿಯುವ ವಿಸ್ಕಿ ಇಳಿಜಾರಿನಲ್ಲಿ ಹೊಳೆಯಂತೆ ಹರಿಯಿತು. ಯಾರ ಜೀವವೂ ಹೋಗಲಿಲ್ಲ, ಅದೇ ದೊಡ್ಡದು. ಆಮೇಲೆ ನಡೆದದ್ದು ನನಗೆ ಇನ್ನೂ ಮುಖ್ಯ. ಮಾರುಕಟ್ಟೆಯಲ್ಲಿ ಎದುರಾಳಿಗಳಾಗಿದ್ದ ಜಿಮ್ ಬೀಮ್, ಬ್ರೌನ್-ಫಾರ್ಮನ್‌ನವರು ತಮ್ಮ ಭಟ್ಟಿಗಳಲ್ಲಿ ಇವರಿಗೆ ವಿಸ್ಕಿ ಇಳಿಸಿಕೊಟ್ಟರು. 1999ರಲ್ಲಿ ಹೆವನ್ ಹಿಲ್ ಲೂಯಿವಿಲ್‌ನ ಬರ್ನ್‌ಹೈಮ್ ಡಿಸ್ಟಿಲರಿ ಕೊಂಡು ಮತ್ತೆ ಸ್ವಂತ ಕಾಲ ಮೇಲೆ ನಿಂತಿತು. ನಾವು ಸೇರುವ ಊರಿನ ಕಥೆ ಇದು.

ಗೋಧಿಮನೆ, ಕೊಲಂಬಸ್

ಮೇಕರ್ಸ್ ಮಾರ್ಕ್‌ಗೆ ನನ್ನ ಎರಡೂ ಕೈ ಎತ್ತಿದೆ! ಅಲ್ಲಿ ರೈ ಧಾನ್ಯದ ಬದಲು ಗೋಧಿ ಹಾಕುತ್ತಾರೆ. ಶೇ. 70 ಮೆಕ್ಕೆಜೋಳ, 16 ಗೋಧಿ, 14 ಮೊಳಕೆ ಬಾರ್ಲಿ. ಅದಕ್ಕೇ ಗಂಟಲಲ್ಲಿ ಅಷ್ಟು ಮೆತ್ತಗೆ ಇಳಿಯುತ್ತದೆ. ಬಾಟಲಿಯ ಆಕಾರ, ಹೆಸರು, ಮೇಲಿನ ಕೆಂಪು ಮೇಣ ಎಲ್ಲ ಮಾರ್ಜಿ ಸ್ಯಾಮುಯೆಲ್ಸ್ ಅವರ ಕಲ್ಪನೆ. ವಿಸ್ಕಿಯ ಕಥೆಗಳಲ್ಲಿ ಯಾವಾಗಲೂ ಗಂಡಸರ ಹೆಸರೇ ಬರುತ್ತದೆ. ಅಲ್ಲಿ ಹೋದಾಗ ಈ ಹೆಣ್ಣುಮಗಳನ್ನು ನೆನಪಿಸಿಕೊಳ್ಳೋಣ.

ಅಲ್ಲಿ ಸೈಪ್ರೆಸ್ ಮರದ ದೊಡ್ಡ ತೊಟ್ಟಿಗಳಲ್ಲಿ ಹುದುಗು ಬರುವುದನ್ನು ನೋಡಬಹುದು. ಬೆರಳು ಅದ್ದಿ ರುಚಿ ನೋಡಲೂ ಬಿಡುತ್ತಾರೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ರಾತ್ರಿಯಿಡೀ ಹೊರಗಿದ್ದು ಉಕ್ಕಿ ಬಂದರೆ ಒಂದು ಹುಳಿ ವಾಸನೆ ಬರುತ್ತದಲ್ಲ, ಥೇಟ್ ಅದೇ.

ಇನ್ನೊಂದು ಮಾತು. 2013ರಲ್ಲಿ ಬೇಡಿಕೆ ಜಾಸ್ತಿಯಾಗಿ ಸರಕು ಸಾಲದೆ, ಆಲ್ಕೋಹಾಲನ್ನು ಶೇ. 45ರಿಂದ 42ಕ್ಕೆ ಇಳಿಸುತ್ತೇವೆ ಎಂದು ಕಂಪನಿ ಹೇಳಿತ್ತು. ಕುಡಿಯುವ ಜನ ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಕಂಪನಿ ಆ ನಿರ್ಧಾರ ಕೈಬಿಟ್ಟಿತು. ನಮ್ಮಂಥ ಅಭಿಮಾನಿಗಳ ಮಾತಿಗೂ ಬೆಲೆ ಇದೆ.

ಹಾಲುಜೇನು, ಇಂಡಿಯಾನಾಪೊಲಿಸ್

ನಮಸ್ಕಾರ. ನನಗೆ ಎರಡು ಪ್ರಶ್ನೆ. ನಾವು ಸಸ್ಯಾಹಾರಿಗಳು, ಊಟಕ್ಕೆ ಏನು ಗತಿ? ನಮ್ಮ ಮನೆಯವರು ಕುಡಿಯುವುದಿಲ್ಲ, ಆದರೆ ಜೊತೆಗೆ ಬರುತ್ತಾರೆ. ಅವರಿಗೆ ದಿನವಿಡೀ ಬೇಜಾರಾಗಬಾರದು.

ಸುಟ್ಟಓಕ್, ಲೂಯಿವಿಲ್

ಮೇಡಂ, ಊಟದ ವಿಷಯದಲ್ಲಿ ಹುಷಾರಾಗಿರಿ. ಇಲ್ಲಿ ಹುರುಳಿಕಾಯಿ ಪಲ್ಯದಂತೆ ಕಾಣುವುದನ್ನು ಹಂದಿ ಮಾಂಸದ ತುಂಡು ಹಾಕಿಯೇ ಬೇಯಿಸುವುದು ರೂಢಿ. ಮೆಕ್ಕೆಜೋಳದ ಬ್ರೆಡ್‌ಗೂ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಯೇ ತಿನ್ನಿ. ಬೆನೆಡಿಕ್ಟೈನ್ ಸ್ಯಾಂಡ್‌ವಿಚ್ ಸಿಕ್ಕರೆ ಬಿಡಬೇಡಿ. ಸೌತೆಕಾಯಿ, ಕ್ರೀಮ್ ಚೀಸ್ ಸೇರಿಸಿ ಮಾಡುತ್ತಾರೆ, ನಮ್ಮ ಲೂಯಿವಿಲ್‌ನದೇ ತಿಂಡಿ. ರಾತ್ರಿಯ ಅಡುಗೆ ಹೇಗೂ ಬಾಡಿಗೆ ಮನೆಯಲ್ಲೇ.

ಕುಡಿಯದವರಿಗೆ ಈ ಸೀಮೆಯಲ್ಲಿ ನೋಡಲು ಬೇಕಾದಷ್ಟಿದೆ. ಲೆಬನನ್ ಎಂಬ ಊರಲ್ಲಿ ಪೀಪಾಯಿ ಮಾಡುವ ಕಾರ್ಖಾನೆ ಇದೆ. ಮೊಳೆಯಿಲ್ಲ, ಅಂಟಿಲ್ಲ, ಬರೀ ಹಲಗೆ ಮತ್ತು ಕಬ್ಬಿಣದ ಪಟ್ಟಿ. ಒಳಗೆ ಬೆಂಕಿ ಹೊತ್ತಿಸಿ ಸುಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಟೂರ್ ಯಾವ ದಿನ ಇದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಬಾರ್ಡ್ಸ್‌ಟೌನ್‌ಗೆ ಹತ್ತಿರದಲ್ಲೇ ಗೆತ್ಸೆಮನಿ ಮಠ ಇದೆ. 1848ರಿಂದ ಅಲ್ಲಿ ಟ್ರಾಪಿಸ್ಟ್ ಪಂಥದ ಕ್ರೈಸ್ತ ಸನ್ಯಾಸಿಗಳು ಇದ್ದಾರೆ. ಬರ್ಬನ್ ಹಾಕಿದ ಫಡ್ಜ್ ಎಂಬ ಸಿಹಿ ತಿಂಡಿ ಮಾಡುತ್ತಾರೆ. ಅಬ್ರಹಾಂ ಲಿಂಕನ್ ಹುಟ್ಟಿದ ಹಾಜೆನ್‌ವಿಲ್ ಕೂಡ ದೂರವಿಲ್ಲ. ನನ್ನ ಮನೆಯವಳೂ ಕುಡಿಯುವುದಿಲ್ಲ. ಅವರಿಬ್ಬರಿಗೂ ಒಂದು ಕಾರು ಬಿಟ್ಟುಕೊಡೋಣ.

ಕಂಟ್ರಿರಾಗ, ನ್ಯಾಶ್‌ವಿಲ್

ಎಲ್ಲರಿಗೂ ಒಂದು ಎಚ್ಚರಿಕೆ. ನ್ಯಾಶ್‌ವಿಲ್, ಶಿಕಾಗೊದಿಂದ ಬರುವವರ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ. ಬಾರ್ಡ್ಸ್‌ಟೌನ್‌ನಲ್ಲಿ ಹತ್ತು ಗಂಟೆ ಎಂದರೆ ನಮಗೆ ಒಂಬತ್ತು. ಟೂರ್ ಯಾರಿಗೂ ಕಾಯುವುದಿಲ್ಲ.

ಊಟದ ನಂತರ ಆಸ್ಕರ್ ಗೆಟ್ಜ್ ವಿಸ್ಕಿ ಮ್ಯೂಸಿಯಂಗೆ ಒಂದು ಗಂಟೆ ಇಟ್ಟುಕೊಳ್ಳೋಣ ಎಂದು ನನ್ನ ಕೋರಿಕೆ. ಊರ ಮಧ್ಯದಲ್ಲೇ, ಸ್ಪಾಲ್ಡಿಂಗ್ ಹಾಲ್‌ನಲ್ಲಿದೆ. ಪಾನನಿಷೇಧದ ಕಾಲದ ಔಷಧಿ ವಿಸ್ಕಿಯ ಬಾಟಲಿಗಳಿವೆ. 1920ರಿಂದ 1933ರವರೆಗೆ ಇಲ್ಲಿ ಕಾನೂನು ಪ್ರಕಾರ ವಿಸ್ಕಿ ಬೇಕೆಂದರೆ ಡಾಕ್ಟರ್ ಚೀಟಿ ಬೇಕಿತ್ತು.

ನೋಡುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಹಳೆಯ ಬ್ರ್ಯಾಂಡ್‌ಗಳ ಮೇಲೆ ಯಜಮಾನರ ಹೆಸರುಗಳಿವೆ. ಭಟ್ಟಿಯ ಮುಂದೆ ನಿಂತು ಬೆವರಿಳಿಸಿದವರಲ್ಲಿ ಎಷ್ಟೋ ಜನ ಗುಲಾಮಗಿರಿಯಲ್ಲಿದ್ದ ಕಪ್ಪು ಜನ. ಎಲೈಜಾ ಕ್ರೇಗ್ ಎಂಬ ಪಾದ್ರಿಯೇ ಸುಟ್ಟ ಪೀಪಾಯಿಯನ್ನು ಕಂಡುಹಿಡಿದ ಎಂಬ ಕಥೆ ಎಲ್ಲ ಕಡೆ ಕೇಳುತ್ತೇವೆ, ಅದಕ್ಕೆ ಪುರಾವೆಯೇ ಇಲ್ಲ. ನಮ್ಮ ಟೆನೆಸ್ಸಿಯಲ್ಲಿ ಜ್ಯಾಕ್ ಡೇನಿಯಲ್‌ಗೆ ವಿಸ್ಕಿ ಇಳಿಸಲು ಕಲಿಸಿದ್ದು ನಿಯರೆಸ್ಟ್ ಗ್ರೀನ್. ಗುಲಾಮನಾಗಿದ್ದವರು. ಅವರ ಹೆಸರು ಜನರ ಬಾಯಿಗೆ ಬರಲು ನೂರೈವತ್ತು ವರ್ಷ ಹಿಡಿಯಿತು. ಇಷ್ಟಪಟ್ಟು ಕುಡಿಯುವ ನಾವು ಇದನ್ನು ತಿಳಿದುಕೊಂಡಿರಬೇಕು.

ಕಂಬಿಪುರ, ಬೆಂಗಳೂರು

ಮಗನ ಮನೆಗೆ ಅಂತ ಆ ತಿಂಗಳು ಲೂಯಿವಿಲ್‌ಗೆ ಬರುತ್ತಿದ್ದೇನೆ. ಈ ಹಿರಿಯನನ್ನೂ ಸೇರಿಸಿಕೊಳ್ಳುತ್ತೀರಾ?

ನಾನು ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ವಿಸ್ಕಿಯ ಅಭಿಮಾನಿ. 2004ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ. ಭಾರತದ ವಿಸ್ಕಿ ಎಂದರೆ ಕಾಕಂಬಿಯದು ಎಂದು ಮೂಗು ಮುರಿಯುತ್ತಿದ್ದವರು ಆಮೇಲೆ ಸುಮ್ಮನಾದರು. ನಮ್ಮ ಬಾರ್ಲಿ ವಿಸ್ಕಿ ಮಲಗುವುದು ನಿಮ್ಮ ಕೆಂಟಕಿ ಕಡೆಯ ಹಳೆಯ ಬರ್ಬನ್ ಪೀಪಾಯಿಗಳಲ್ಲಿ. ಬರ್ಬನ್‌ಗೆ ಪ್ರತಿ ಸಲ ಹೊಸ ಪೀಪಾಯಿಯೇ ಬೇಕು ಎಂಬ ಕಾನೂನು ಇರುವುದರಿಂದ, ಒಮ್ಮೆ ಬಳಸಿದ್ದು ಸ್ಕಾಟ್ಲೆಂಡ್, ಮೆಕ್ಸಿಕೊ, ಬೆಂಗಳೂರು ಅಂತ ದೇಶ ಸುತ್ತುತ್ತದೆ. ಆ ಪೀಪಾಯಿಯ ತವರನ್ನು ನೋಡಬೇಕು ಎಂದು ಬಹಳ ವರ್ಷದ ಆಸೆ.

ನಮ್ಮಲ್ಲಿ ವರ್ಷಕ್ಕೆ ನೂರಕ್ಕೆ ಹತ್ತು ಭಾಗಕ್ಕಿಂತ ಜಾಸ್ತಿ ಆವಿಯಾಗಿ ಹೋಗುತ್ತದೆ. ನಿಮ್ಮಲ್ಲಿ ಹೇಗೆ?

ಸುಟ್ಟಓಕ್, ಲೂಯಿವಿಲ್

ಅಂಕಲ್, ನಿಮ್ಮನ್ನು ಮನೆಗೇ ಬಂದು ಕರೆದುಕೊಂಡು ಹೋಗುತ್ತೇನೆ, ಯೋಚನೆ ಬೇಡ.

ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಮೂರರಿಂದ ಐದು ಭಾಗ ಎಂದು ಲೆಕ್ಕ. ಗೋದಾಮು ಹಲವು ಅಂತಸ್ತು ಇರುತ್ತದೆ. ಬೇಸಿಗೆಯಲ್ಲಿ ಮೇಲಿನ ಅಂತಸ್ತು ಒಲೆಯ ಹಾಗೆ ಕಾಯುತ್ತದೆ, ಕೆಳಗೆ ತಂಪು. ಬಿಸಿಗೆ ವಿಸ್ಕಿ ಮರದೊಳಗೆ ಹೋಗುತ್ತದೆ, ಚಳಿಗೆ ಹೊರಗೆ ಬರುತ್ತದೆ. ಬಣ್ಣ, ಸಿಹಿ, ವೆನಿಲ್ಲಾ ಎಲ್ಲ ಬರುವುದು ಹಾಗೆ. ಮೇಲಿನ ಅಂತಸ್ತಿನಲ್ಲಿ ಆಲ್ಕೋಹಾಲ್‌ಗಿಂತ ನೀರು ಬೇಗ ಆವಿಯಾಗುವುದರಿಂದ ವಿಸ್ಕಿ ವರ್ಷ ಕಳೆದಂತೆ ಇನ್ನಷ್ಟು ಖಡಕ್ ಆಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಇದಕ್ಕೆ ತಿರುಗುಮುರುಗು. ಗೋದಾಮಿನ ಗೋಡೆ, ಸುತ್ತಲಿನ ಮರಗಳೆಲ್ಲ ಕಪ್ಪಾಗಿರುವುದು ಕಾಣುತ್ತದೆ. ಅದು ಆ ಆವಿಯನ್ನು ಉಂಡು ಬೆಳೆಯುವ ಬೂಷ್ಟು, ಬೌಡೋನಿಯಾ ಅಂತ ಹೆಸರು. ಹತ್ತಿರ ವಾಸಿಸುವವರಿಗೆ ಮನೆ ಗೋಡೆ ತೊಳೆದು ತೊಳೆದು ಸಾಕಾಗುತ್ತದೆ. ಅವರ ದೂರು ನ್ಯಾಯವಾದದ್ದೇ.

ರೈಪ್ರಿಯ, ಶಿಕಾಗೊ

ಸರಿ, ಫ್ರಾಂಕ್‌ಫರ್ಟ್‌ಗೆ ಶುಕ್ರವಾರವೇ ಬರುತ್ತೇನೆ. ಈಗ ಸಂಜೆಯ ವಿಷಯ. ನನ್ನ ಹತ್ತಿರ ಸುಲಭಕ್ಕೆ ಸಿಗದ ಪ್ಯಾಪಿ ವ್ಯಾನ್ ವಿಂಕಲ್ ಬರ್ಬನ್, 15 ವರ್ಷದ್ದು, ಸೀಲ್ ಒಡೆಯದೆ ಇದೆ. ತಂದು ಎಲ್ಲರಿಗೂ ತೋರಿಸಬಹುದು. ಒಡೆಯಬೇಕಾ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಒಂದು ಅಂಗಡಿಯವರು ಕಂಪನಿ ಸೂಚಿಸಿದ ಬೆಲೆಯ ಹತ್ತು ಪಟ್ಟು ಕಿತ್ತುಕೊಂಡಿದ್ದಾರೆ, ಸುಲಭಕ್ಕೆ ಮನಸ್ಸು ಬರುವುದಿಲ್ಲ.

ಜೋಳದತೆನೆ, ಸಿನ್ಸಿನಾಟಿ

ರೈಪ್ರಿಯ ಅವರೇ, ಪ್ರೀತಿಯಿಂದಲೇ ಹೇಳುತ್ತೇನೆ. ಒಡೆಯುವ ಬಾಟಲಿ ಮಾತ್ರ ಮೇಜಿಗೆ ಬರಲಿ. ಒಡೆಯಲು ಮನಸ್ಸಿಲ್ಲದಿದ್ದರೆ ತಪ್ಪೇನಿಲ್ಲ, ಅದು ಮನೆಯಲ್ಲೇ ಇರಲಿ. ಸೀಲ್ ಬಾಟಲಿ ಮೇಜಿನ ಮೇಲೆ ಕೂತರೆ ಮಾತೆಲ್ಲ ಬೆಲೆಯ ಕಡೆಗೇ ಹೋಗುತ್ತದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಬರ್ಬನ್ ಕೇಳುವವರಿರಲಿಲ್ಲ. ವೋಡ್ಕಾ ಕಾಲ ಅದು. ಆಗ ಒಳ್ಳೊಳ್ಳೆ ಹಳೆಯ ಸರಕು ಧೂಳು ಹಿಡಿದು ಕೂತಿತ್ತು. ವಿಸ್ಕಿ ಮಾಡುವವರು ಕುಡಿಯಲಿ ಎಂದೇ ಮಾಡುತ್ತಾರೆ, ಕಪಾಟಿಗಾಗಿ ಅಲ್ಲ.

ನನ್ನ ಯೋಜನೆ ಹೀಗಿದೆ. ಎಲ್ಲ ಬಾಟಲಿಗೂ ಕಂದು ಕಾಗದ ಸುತ್ತಿ, ನಂಬರ್ ಹಾಕಿ, ಹೆಸರು ತಿಳಿಯದೆ ರುಚಿ ನೋಡೋಣ. ಎಲ್ಲವೂ ಬಾಟಲ್ಡ್ ಇನ್ ಬಾಂಡ್ ಆಗಿರಲಿ. 1897ರ ಕಾಯ್ದೆ ಅದು. ಆ ಕಾಲದಲ್ಲಿ ವಿಸ್ಕಿಗೆ ತಂಬಾಕಿನ ರಸ, ಅಯೋಡಿನ್ ಎಲ್ಲ ಬೆರೆಸಿ ಮಾರುತ್ತಿದ್ದರು. ಅದನ್ನು ತಡೆಯಲು ಕರ್ನಲ್ ಇ. ಎಚ್. ಟೇಲರ್ ಮುಂತಾದವರು ಹಟ ಹಿಡಿದು ಕಾನೂನು ತರಿಸಿದರು. ಒಂದೇ ಡಿಸ್ಟಿಲರಿ, ಒಂದೇ ಋತುವಿನ ಸರಕು, ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ. 50 ಆಲ್ಕೋಹಾಲ್. ಎಲ್ಲದರ ಖಡಕ್ ಒಂದೇ ಆದ್ದರಿಂದ ಹೋಲಿಸುವುದು ನ್ಯಾಯವಾಗಿರುತ್ತದೆ. ನಾನು ನ್ಯೂ ರಿಫ್ ತರುತ್ತೇನೆ. ಸಿನ್ಸಿನಾಟಿಯಿಂದ ನದಿ ದಾಟಿದರೆ ನ್ಯೂಪೋರ್ಟ್, ಅಲ್ಲಿಯದು. ಯಾರಾದರೂ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಓಲ್ಡ್ ಗ್ರ್ಯಾಂಡ್-ಡ್ಯಾಡ್, ಹೆನ್ರಿ ಮೆಕೆನ್ನಾ ತನ್ನಿ. ಪ್ಯಾಪಿ ಬಂದರೆ ಕೊನೆಯಲ್ಲಿ, ಕಾಗದ ತೆಗೆದ ಮೇಲೆ.

ಗೋಧಿಮನೆ, ಕೊಲಂಬಸ್

ಓಲ್ಡ್ ಫಿಟ್ಜ್‌ಜೆರಾಲ್ಡ್ ನನ್ನದು, ಗೋಧಿಯ ಪಾಲಿಗೆ ಒಂದು ಸ್ಥಾನ ಇರಲಿ. ಕಾಂಗ್ರೆಸ್ ಕಡ್ಲೆಕಾಯಿ, ಕೋಡುಬಳೆ ಮಾಡಿಕೊಂಡು ಬರುತ್ತೇನೆ. ಆದರೆ ರುಚಿ ನೋಡುವುದು ಮುಗಿಯುವ ತನಕ ಡಬ್ಬ ತೆಗೆಯುವುದಿಲ್ಲ. ಇಂಗು, ಖಾರ ನಾಲಿಗೆಗೆ ಬಿದ್ದರೆ ಆಮೇಲೆ ಯಾವ ವಿಸ್ಕಿಯೂ ತಿಳಿಯುವುದಿಲ್ಲ. ಅಲ್ಲಿಯವರೆಗೆ ಉಪ್ಪಿಲ್ಲದ ಬಿಸ್ಕತ್ತು, ನೀರು.

ವ್ಯಾನ್‌ಗೆ ಬಾಡಿಗೆ ಡ್ರೈವರ್ ಇರಲೇಬೇಕು. ಈ ಒಂದು ವಿಷಯದಲ್ಲಿ ಚರ್ಚೆಯೇ ಬೇಡ. ಲೊರೆಟ್ಟೊ ರಸ್ತೆ ಕಿರಿದು, ತಿರುವು ಜಾಸ್ತಿ. "ನಾನು ಸ್ವಲ್ಪವೇ ಕುಡಿದಿದ್ದೇನೆ" ಎನ್ನುವವರ ಕೈಗೆ ಕೀ ಕೊಡುವುದು ಬೇಡ. ಮೇಜಿನ ಮೇಲೆ ಉಗಿಯಲು ಒಂದು ಬಕೆಟ್ ಕೂಡ ಇರಲಿ. ಉಗಿದರೆ ಯಾರೂ ಏನೂ ಅಂದುಕೊಳ್ಳಬಾರದು.

ಹಾಲುಜೇನು, ಇಂಡಿಯಾನಾಪೊಲಿಸ್

*(ಅಕ್ಟೋಬರ್, ಭಾನುವಾರ ರಾತ್ರಿ)*

ಮನೆ ಸೇರಿದೆವು. ನಮ್ಮ ಯಜಮಾನರು ಕಾರಿನಲ್ಲಿ ದಾರಿಯುದ್ದಕ್ಕೂ ಗೆತ್ಸೆಮನಿಯ ಮಾತೇ ಆಡಿದರು. ಮಧ್ಯಾಹ್ನದ ಪ್ರಾರ್ಥನೆಗೆ ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ಸುಟ್ಟಓಕ್ ಅವರ ಮನೆಯವರಿಗೆ ವಿಶೇಷ ಥ್ಯಾಂಕ್ಸ್, ಅವರಿಬ್ಬರೂ ಈಗ ನಮಗಿಂತ ಹೆಚ್ಚು ಸ್ನೇಹಿತರು.

ಹೆಸರು ಮಾತ್ರ ಗೊತ್ತಿದ್ದವರನ್ನು ಎದುರಿಗೆ ನೋಡಿದಾಗ ಮಾತು ಹೇಗೆ ಶುರು ಮಾಡುವುದೋ ಎಂದು ಅಳುಕಿತ್ತು. ವ್ಯಾನ್ ಹತ್ತಿ ಐದು ನಿಮಿಷಕ್ಕೆ ಗೋಧಿ ಮೇಲೋ ರೈ ಮೇಲೋ ಎಂಬ ವಾದ ಹತ್ತಿಕೊಂಡಿತು.

ಕಂಬಿಪುರ, ಬೆಂಗಳೂರು

ಹೆವನ್ ಹಿಲ್ ಗೋದಾಮಿನ ಬಾಗಿಲು ತೆಗೆದಾಗ ಬಂದ ವಾಸನೆಯನ್ನು ನಾನು ಮರೆಯುವುದಿಲ್ಲ. ಹಳೆಯ ಮರ, ಬೆಲ್ಲದ ಪಾಕ, ಸ್ವಲ್ಪ ಮಣ್ಣು. ನಮ್ಮ ಕಡೆಯ ವಾಸನೆಗಿಂತ ಸಿಹಿ ಜಾಸ್ತಿ, ಬಾರ್ಲಿಯ ಘಮ ಕಮ್ಮಿ. ಒಳಗೆ ದೀಪವೂ ಹೆಚ್ಚಿಲ್ಲ, ಎಸಿ ಇಲ್ಲ. ಬರೀ ಕಿಟಕಿ ತೆಗೆದು ಮುಚ್ಚಿ ಹವೆ ಆಡಿಸುತ್ತಾರೆ. ಇಷ್ಟು ದೊಡ್ಡ ಉದ್ಯಮ ಇನ್ನೂ ಗಾಳಿ ಬಿಸಿಲನ್ನು ನಂಬಿಕೊಂಡು ನಡೆಯುತ್ತಿದೆ ಎಂಬುದು ನನಗೆ ಬಹಳ ಹಿಡಿಸಿತು.

ಮೇಜಿನ ಮೇಲೆ ನಾನು ತಂದ ಅಮೃತ್ ಇಟ್ಟಾಗ ನೀವೆಲ್ಲ ಅದರಲ್ಲಿ ಬರ್ಬನ್‌ನ ವೆನಿಲ್ಲಾ ಹುಡುಕಿ ತೆಗೆದಿರಿ. ಸಂತೋಷವಾಯಿತು ಕಣ್ರಪ್ಪಾ.

ಕಂಟ್ರಿರಾಗ, ನ್ಯಾಶ್‌ವಿಲ್

ಬರಲಾಗದವರು ಕೇಳುತ್ತಿದ್ದಾರೆ, ಫಲಿತಾಂಶ ಹೇಳಿಬಿಡುತ್ತೇನೆ. ಕಾಗದ ತೆಗೆದಾಗ ಹೆಚ್ಚು ಜನರ ಮೊದಲ ಆಯ್ಕೆ ಓಲ್ಡ್ ಗ್ರ್ಯಾಂಡ್-ಡ್ಯಾಡ್. ಅದರ ಹಿಂದೆಯೇ ಇವಾನ್ ವಿಲಿಯಮ್ಸ್ ಬಿಳಿ ಲೇಬಲ್. ಎರಡೂ ಅಂಗಡಿಯ ಕೆಳಗಿನ ಸಾಲಿನ ಬಾಟಲಿಗಳು. ಹೆನ್ರಿ ಮೆಕೆನ್ನಾ 10 ವರ್ಷದ್ದು 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಪರ್ಧೆಯಲ್ಲಿ ವಿಸ್ಕಿಗಳಲ್ಲೆಲ್ಲ ಮೇಲು ಎನಿಸಿಕೊಂಡು ಬೆಲೆ ಏರಿಸಿಕೊಂಡದ್ದು. ನಮ್ಮ ಮೇಜಿನಲ್ಲಿ ಮಧ್ಯದಲ್ಲಿ ನಿಂತಿತು. ಒಂದೇ ಪೀಪಾಯಿಯ ವಿಸ್ಕಿ ಅಲ್ವಾ, ಬಾಟಲಿಯಿಂದ ಬಾಟಲಿಗೆ ಬೇರೆಯಾಗುತ್ತದೆ. ಒಂದು ಸಂಜೆಯಿಂದ ಅದರ ಹಣೆಬರಹ ಬರೆಯುವುದು ಬೇಡ.

ರೈಪ್ರಿಯ, ಶಿಕಾಗೊ

ಓಲ್ಡ್ ಗ್ರ್ಯಾಂಡ್-ಡ್ಯಾಡ್‌ನಲ್ಲಿ ರೈ ಶೇ. 27ರಷ್ಟು ಇದೆ, ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಪ್ಯಾಪಿ ಒಡೆದದ್ದಕ್ಕೆ ನನಗೆ ಒಂಚೂರೂ ಬೇಸರವಿಲ್ಲ. ಕಂಬಿಪುರ ಅಂಕಲ್ ಕಣ್ಣು ಮುಚ್ಚಿಕೊಂಡು ಒಂದು ಗುಟುಕನ್ನು ಅಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಂಡರಲ್ಲ, ಅಷ್ಟು ಸಾಕು. ಉಳಿದದ್ದನ್ನು ಸಣ್ಣ ಶೀಶೆಗಳಿಗೆ ಹಾಕಿ ಬರಲಾಗದವರಿಗೆ ಎತ್ತಿಟ್ಟಿದ್ದೇವೆ, ಮುಂದೆ ಸಿಕ್ಕಾಗ ಕೈಗೇ ಕೊಡುತ್ತೇವೆ. ಆದರೂ ಮುಂದಿನ ಸಲ ಫ್ರಾಂಕ್‌ಫರ್ಟ್‌ಗೆ ಎಲ್ಲರೂ ಬರಬೇಕು ಎಂಬ ನನ್ನ ಮಾತು ಹಾಗೆಯೇ ಇದೆ.

ಜೋಳದತೆನೆ, ಸಿನ್ಸಿನಾಟಿ

ಫ್ರಾಂಕ್‌ಫರ್ಟ್ ಆಗಲಿ, ಆದರೆ ಅದರ ಪಕ್ಕದ ಲಾರೆನ್ಸ್‌ಬರ್ಗ್‌ನ ಫೋರ್ ರೋಸಸ್ ಜೊತೆಗೆ. ಅವರದು ಎರಡು ಧಾನ್ಯದ ಹದ, ಐದು ಈಸ್ಟ್, ಒಟ್ಟು ಹತ್ತು ಬಗೆ. ಅಂಗಡಿಗಳು ಆರಿಸಿ ತರಿಸುವ ಸಿಂಗಲ್ ಬ್ಯಾರೆಲ್ ಬಾಟಲಿಗಳ ಮೇಲೆ ನಾಲ್ಕಕ್ಷರದ ಗುರುತು ಇರುತ್ತದೆ. ಎರಡನೆಯ ಅಕ್ಷರ ಧಾನ್ಯ, ಕೊನೆಯದು ಈಸ್ಟ್. ಹತ್ತನ್ನೂ ಒಂದೇ ಮೇಜಿಗೆ ತಂದರೆ, ಧಾನ್ಯ ಒಂದೇ ಇದ್ದರೂ ಈಸ್ಟ್ ಬದಲಾದರೆ ರುಚಿ ಎಷ್ಟು ಬದಲಾಗುತ್ತದೆ ಎಂದು ನಮ್ಮ ನಾಲಿಗೆಯಲ್ಲೇ ತಿಳಿಯಬಹುದು.

ನನ್ನ ಹತ್ತಿರ ಓಬಿಎಸ್‌ವಿ, ಓಇಎಸ್‌ಕೆ ಇವೆ. ರೈಪ್ರಿಯ ಅವರೇ, ರೈ ಜಾಸ್ತಿ ಇರುವ ಬಿ ಸಾಲಿನ ಉಳಿದ ನಾಲ್ಕು ನಿಮ್ಮ ಪಾಲಿಗೆ. ಓಇಎಸ್‌ಕ್ಯೂ, ಓಇಎಸ್‌ಎಫ್ ಯಾರ ಕಪಾಟಿನಲ್ಲಾದರೂ ಇದ್ದರೆ ಇಲ್ಲಿ ಬರೆಯಿರಿ. ಏಪ್ರಿಲ್‌ನಲ್ಲಿ ಮಳೆ ಜಾಸ್ತಿ, ಮೇ ಮೊದಲ ಶನಿವಾರ ಡರ್ಬಿ ಕುದುರೆ ರೇಸಿನ ಗಲಾಟೆಯಲ್ಲಿ ಹೋಟೆಲ್ ಸಿಗುವುದಿಲ್ಲ. ಮೇ ಕೊನೆಯ ವಾರ ಆಗಬಹುದಾ, ಹೇಳಿ.

ಸುಟ್ಟಓಕ್, ಲೂಯಿವಿಲ್

ಮೇ ಕೊನೆಯ ವಾರ ಮೆಮೋರಿಯಲ್ ಡೇ ರಜೆ ಬರುತ್ತದೆ, ಜನ ಜಾಸ್ತಿ. ಅದರ ಹಿಂದಿನ ವಾರದ ಶನಿವಾರ ಇಟ್ಟುಕೊಳ್ಳಿ. ಓಇಎಸ್‌ಕ್ಯೂ ನನ್ನ ಹತ್ತಿರ ಅರ್ಧ ಬಾಟಲಿ ಇದೆ, ಮೇ ತನಕ ಮುಟ್ಟದೆ ಇಡುತ್ತೇನೆ. ವ್ಯಾನ್‌ನವರಿಗೆ ನಾಳೆಯೇ ಫೋನ್ ಮಾಡಲಾ?